ಜೂನ್ ಕಂತು ಮತ್ತು ದಿನದ 70 ರೂಪಾಯಿ

ನಾಲ್ಕನೇ ಕಂತು ಕಟ್ಟುವ ಬದಲು ಪಾಲಿಸಿಯನ್ನೇ ಸರೆಂಡರ್ ಮಾಡಿದೆ. ವರ್ಷಕ್ಕೆ 24,000 ರೂಪಾಯಿಯಂತೆ ಮೂರು ವರ್ಷ, ಒಟ್ಟು 72,000 ಕಟ್ಟಿಯಾಗಿತ್ತು. ಕೈಗೆ ಬಂದದ್ದು 25,200. ಉಳಿದ 46,800 ಹೋಯಿತು. "ಇಷ್ಟು ವರ್ಷ ಕಟ್ಟಿದ್ದೀ, ಇನ್ನೊಂದಿಷ್ಟು ದಿನ ತಡಕೊಳ್ಳಬೇಕಿತ್ತಲ್ಲೋ" ಅಂದರು ಅಪ್ಪ. ಇಷ್ಟು ದುಡ್ಡು ಹೋದರೂ ಆ ನಿರ್ಧಾರ ಸರಿ ಎಂದೇ ನಂಬಿದ್ದೇನೆ. ಯಾಕೆ ಎಂಬುದಕ್ಕೆ ಲೆಕ್ಕವಿದೆ.

ಗುಡೇಕೋಟೆಯಲ್ಲಿ ನಮ್ಮದು ಮಳೆ ನಂಬಿದ ಶೇಂಗಾ ಹೊಲ, ಜೊತೆಗೊಂದು ಸಣ್ಣ ಕಿರಾಣಿ ಅಂಗಡಿ. ಪಾಲಿಸಿ ಮಾಡಿಸುವಾಗ ಏಜೆಂಟರು ಹೇಳಿದ್ದು ಒಂದೇ ಮಾತು: "ವರ್ಷಕ್ಕೊಮ್ಮೆ ಕಡ್ಡಾಯ ಕಟ್ಟಬೇಕಂದ್ರ ಉಳಿತಾಯದ ಶಿಸ್ತು ತಾನಾಗೇ ಬರ್ತೈತಿ." ಕಂತಿನ ಗಡುವು ಬಿದ್ದದ್ದು ಜೂನ್‌ಗೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ಯಾವ ರೈತರನ್ನಾದರೂ ಕೇಳಿ, ಜೂನ್‌ನಲ್ಲಿ ಕೈಯಲ್ಲಿ ದುಡ್ಡಿರುತ್ತದೆಯೇ ಎಂದು. ಬಿತ್ತನೆ ಬೀಜ, ಗೊಬ್ಬರ, ಗಳೇವಿನ ಬಾಡಿಗೆ, ಮಕ್ಕಳ ಶಾಲೆ ಫೀಸು ಎಲ್ಲವೂ ಅದೇ ತಿಂಗಳಿಗೆ ಬರುತ್ತವೆ. ಹೀಗಾಗಿ ಪ್ರತಿ ವರ್ಷವೂ ಕಂತನ್ನು ಕೈಸಾಲ ತಂದು ಕಟ್ಟುತ್ತಿದ್ದೆವು, ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ.

ಈಗ ಲೆಕ್ಕ ಹಾಕಿ. 24,000ಕ್ಕೆ ತಿಂಗಳ ಬಡ್ಡಿ 720. ಜೂನ್‌ನಲ್ಲಿ ತಂದ ಸಾಲ ತೀರುವುದು ಶೇಂಗಾ ಕಿತ್ತು, ಒಣಗಿಸಿ, ಮಾರಿದ ಮೇಲೆ, ಅಂದರೆ ನವೆಂಬರ್‌ನಲ್ಲಿ. ಐದು ತಿಂಗಳಿಗೆ 3,600. ಹಾಗಾದರೆ ನಾವು ನಿಜವಾಗಿ ಕಟ್ಟುತ್ತಿದ್ದ ಕಂತು 27,600. ಪಾಲಿಸಿಯ ಹಣ ವರ್ಷಕ್ಕೆ ಶೇ 6ರಂತೆ ಬೆಳೆಯಿತು ಎಂದೇ ಇಟ್ಟುಕೊಳ್ಳೋಣ. 24,000ದ ಮೇಲೆ ಸಿಗುವುದು 1,440. ಒಂದು ಜೂನ್‌ನ ಬಡ್ಡಿಯನ್ನು ತುಂಬಿಕೊಳ್ಳಲು ಆ ಕಂತು ಎರಡೂವರೆ ವರ್ಷ ದುಡಿಯಬೇಕು; ಅಷ್ಟರಲ್ಲಿ ಇನ್ನೆರಡು ಜೂನ್ ಬಂದಿರುತ್ತವೆ. ಅದು ಇಪ್ಪತ್ತು ವರ್ಷದ ಪಾಲಿಸಿ. ಇನ್ನೂ ಹದಿನೇಳು ಕಂತು ಬಾಕಿ ಇದ್ದವು. 17 ಸಲ 3,600 ಎಂದರೆ 61,200. ಸರೆಂಡರ್‌ನಿಂದ ಕಳೆದದ್ದು 46,800. ಮುಂದುವರಿಸಿದ್ದರೆ ಕೈಸಾಲದ ಬಡ್ಡಿಯೊಂದೇ ಅದನ್ನು ಮೀರುತ್ತಿತ್ತು.

ಸಾಲ ಮಾಡಿ ಉಳಿಸುವುದು ಶಿಸ್ತಲ್ಲ. ತಿಂಗಳ ಸಂಬಳ ಬರುವವರ ಮಾತು ಬೇರೆ. ಮಳೆ ನೋಡಿ ಬದುಕುವ ಮನೆಗೆ ಜೂನ್‌ನ ಕಂತು ತಗುಲಿಸಿ ಅದನ್ನು ಶಿಸ್ತು ಎಂದು ಕರೆಯುವುದು ನನಗೆ ಸಿಟ್ಟು ತರಿಸುತ್ತದೆ. ವಿಮೆ ಬೇಕಾದವರಿಗೆ ಬರೀ ವಿಮೆ ಕೊಡಿ. ಪ್ರಧಾನಮಂತ್ರಿ ಜೀವನ ಜ್ಯೋತಿಯಲ್ಲಿ 18ರಿಂದ 50 ವರ್ಷದವರು ವರ್ಷಕ್ಕೆ 436 ರೂಪಾಯಿ ಕಟ್ಟಿ 2 ಲಕ್ಷದ ರಕ್ಷಣೆ ಪಡೆಯಬಹುದು. ಆ 436ಕ್ಕೆ ಯಾರೂ ಬಡ್ಡಿಗೆ ಸಾಲ ತರಬೇಕಾಗಿಲ್ಲ.

ಶಿಸ್ತಿನ ದಾರಿ ನಮ್ಮ ನಾಡಿನಲ್ಲೇ ಹುಟ್ಟಿದೆ. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಅವರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ತಮ್ಮ ಸಂಸ್ಥೆಯಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಇವತ್ತಿಗೂ ನಡೆದಿದೆ. ಮನಸ್ಸು ಗಟ್ಟಿ ಮಾಡಿಕೊ ಎಂದು ಪಿಗ್ಮಿ ಯಾರಿಗೂ ಉಪದೇಶ ಮಾಡಲಿಲ್ಲ. ದುಡ್ಡು ಖರ್ಚಾಗುವ ಮೊದಲೇ ಕೈ ಚಾಚಿತು.

24,000ವನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 66 ರೂಪಾಯಿ ಆಗುತ್ತದೆ. ನಾನು 70 ಕಟ್ಟುತ್ತೇನೆ. ವರ್ಷಕ್ಕೆ ಅಸಲೇ 25,550. ಮೇ ತಿಂಗಳಲ್ಲಿ ಮುಗಿಯುವಂತೆ ಪಿಗ್ಮಿ ಇಟ್ಟಿರುವುದರಿಂದ ಬೀಜ, ಗೊಬ್ಬರಕ್ಕೆ ಸ್ವಂತ ದುಡ್ಡು ಸಿಗುತ್ತದೆ. ಪಿಗ್ಮಿ ಬಡ್ಡಿ ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ನಮ್ಮ ಲಾಭ ಆ ಬಡ್ಡಿಯಲ್ಲಿಲ್ಲ, ಕೈಸಾಲಕ್ಕೆ ಹೋಗದೆ ಉಳಿದ 3,600ದಲ್ಲಿದೆ. ಶೇಂಗಾ ಮಾರಿದ ಕೂಡಲೇ, ಪಿಗ್ಮಿಯಿಂದ ಬೀಜ, ಗೊಬ್ಬರಕ್ಕೆ ಹಾಕಿದಷ್ಟೇ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಆ ಒಂದು ಕೆಲಸ ತಪ್ಪಿದರೆ ವರ್ಷದ ಶ್ರಮ ನೀರುಪಾಲು.

ಇನ್ನು ಅಭ್ಯಾಸದ ಮಾತು. ಬೆಳಗಿನ ಮೊದಲ ವ್ಯಾಪಾರದಲ್ಲೇ 70 ರೂಪಾಯಿ ಎತ್ತಿ ಬೇರೆ ಡಬ್ಬಿಗೆ ಹಾಕಿ. ಸಂಜೆ ನೋಡೋಣ ಎಂದರೆ ಉಳಿಯುವುದಿಲ್ಲ. ಸಂಜೆಗೆ ಮೈ ದಣಿದಿರುತ್ತದೆ, ಮನಸ್ಸು ಸಡಿಲವಾಗಿರುತ್ತದೆ, ಉದ್ರಿ ಕೇಳುವವರಿಗೂ ಫೋನಿನಲ್ಲಿ ಬರುವ ಆಫರ್‌ಗೂ ಬೇಗ ಹೂಂ ಅನ್ನುತ್ತೇವೆ. ಒಂದು ದಿನ ತಪ್ಪಿದರೆ ಮರುದಿನ 140 ಹಾಕಿ, ಎರಡು ದಿನ ಮಾತ್ರ ಬಿಡಬೇಡಿ. ಕೊಟ್ಟೂರು ಜಾತ್ರೆಯ ಖರ್ಚಿಗೆ ಬೇರೆ ಡಬ್ಬಿ ಇರಲಿ, ಪಿಗ್ಮಿಗೆ ಕೈ ಹಾಕಬೇಡಿ. 70 ಆಗದವರು 20ರಿಂದ ಶುರು ಮಾಡಿ. ಇಚ್ಛಾಶಕ್ತಿ ಹುಟ್ಟಿನಿಂದ ಬರುವುದಲ್ಲ, ದಿನವೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿದಾಗ ಬೆಳೆಯುವುದು.

ಎರಡು ಎಚ್ಚರಿಕೆ. ಏಜೆಂಟರು ಎಷ್ಟೇ ಪರಿಚಯದವರಾಗಿರಲಿ, ದಿನದ ರಸೀದಿ ಕೇಳಿ ಪಡೆಯಿರಿ. ತಿಂಗಳಿಗೊಮ್ಮೆ ಶಾಖೆಗೇ ಹೋಗಿ ಜಮಾ ನೋಡಿ. ಎರಡನೆಯದು, ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷಣೆ ಇಲ್ಲ. ಸಂಘದಲ್ಲಿ ಪಿಗ್ಮಿ ಕಟ್ಟುವವರು ವರ್ಷ ತುಂಬಿದ ತಕ್ಷಣ ಹಣವನ್ನು ಬ್ಯಾಂಕಿಗೆ ಸಾಗಿಸಿ.

ನಿಮ್ಮ ಮನೆಯಲ್ಲೂ ಜೂನ್ ಕಂತಿನ ಪಾಲಿಸಿ ಇದ್ದರೆ ಇವತ್ತೇ ಪೆನ್ನು ಹಿಡಿದು ಕೂತುಕೊಳ್ಳಿ. ಕಂತಿಗೆ ತರುವ ಸಾಲದ ಬಡ್ಡಿಯನ್ನು ಬಾಕಿ ಇರುವ ವರ್ಷಗಳಿಂದ ಗುಣಿಸಿ, ಸರೆಂಡರ್ ಮಾಡಿದರೆ ಆಗುವ ನಷ್ಟದ ಪಕ್ಕದಲ್ಲಿ ಬರೆಯಿರಿ. ಬಡ್ಡಿಯೇ ದೊಡ್ಡದಾಗಿದ್ದರೆ ಮುಂದಿನ ಕಂತು ಕಟ್ಟಬೇಡಿ.