ಕಣ್ಣಿಗೆ ಪಟ್ಟಿ, ಎದುರಿಗೆ ತಾರೆ

ಹೈದರಾಬಾದ್ ಮೆಟ್ರೊದ ಕೊನೆಯ ನಿಲ್ದಾಣ ಮಿಯಾಪುರ. ಇಲ್ಲಿಯ ನಮ್ಮ ಅಪಾರ್ಟ್‌ಮೆಂಟಿಗೆ ಯಾವ ಸಿನಿಮಾ ತಾರೆಯೂ ಬರುವುದಿಲ್ಲ. ಹಾಗಂತ ರಾಜ್ಯೋತ್ಸವದ ಸಂಜೆ ಎಷ್ಟು ವರ್ಷ ಅಂತ್ಯಾಕ್ಷರಿಯನ್ನೇ ಆಡುವುದು? ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1950ರಿಂದ 1967ರವರೆಗೆ ನಡೆದ ‘ವಾಟ್ಸ್ ಮೈ ಲೈನ್’ ಕಾರ್ಯಕ್ರಮದ ಆಟವೊಂದಿದೆ. ಪ್ಯಾನೆಲ್‌ನ ನಾಲ್ವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದರು. ತಾರೆ ಬಂದು ಬೋರ್ಡಿನ ಮೇಲೆ ಹೆಸರು ಬರೆದು ಕೂತರೆ, ‘ಹೌದು’, ‘ಇಲ್ಲ’ಗಳಿಂದಲೇ ಆ ಅತಿಥಿ ಯಾರೆಂದು ಕಂಡುಹಿಡಿಯಬೇಕಿತ್ತು. ನಮ್ಮ ‘ವೀಕೆಂಡ್ ವಿತ್ ರಮೇಶ್’ನಲ್ಲಿ ಇದು ತಿರುವುಮುರುವು: ತೆರೆಯ ಹಿಂದಿನ ದನಿ ಕೇಳಿ ಬಂದವರು ಯಾರೆಂದು ತಾರೆಯೇ ಹೇಳಬೇಕು.

ಹಂತ 1: ನಾಲ್ವರನ್ನು ಸಾಲಾಗಿ ಕೂರಿಸಿ ಕಣ್ಣು ಕಟ್ಟಿ. ದುಪಟ್ಟಾ ಬೇಡ, ಆಚೆಯದೆಲ್ಲ ಕಾಣುತ್ತದೆ. ದಪ್ಪ ಟವೆಲ್ ಆಗಬಹುದು.

ಹಂತ 2: ಒಬ್ಬರು ಅತಿಥಿಯಾಗಲಿ. ತಾನು ಯಾವ ತಾರೆ ಎಂದು ಮನಸ್ಸಿನಲ್ಲೇ ನಿಶ್ಚಯಿಸಿ, ಆ ಹೆಸರನ್ನು ಸಭೆಗೆ ಕಾಣುವಂತೆ ಬೋರ್ಡಿನ ಮೇಲೆ ಬರೆಯಲಿ.

ಹಂತ 3: ದನಿ ಬದಲಿಸುವುದು. ಆಟದ ಜೀವ ಇರುವುದೇ ಇಲ್ಲಿ. ಮೂರನೇ ಮಹಡಿಯವರು ಅಣ್ಣಾವ್ರ ಭಕ್ತರೆಂದು ಎಲ್ಲರಿಗೂ ಗೊತ್ತು. ಅವರ ದನಿ ಸಿಕ್ಕರೆ ತಾರೆಯೂ ಸಿಕ್ಕ ಹಾಗೆ. ಕಲಬುರಗಿಯವರು ಬಾಯಿತಪ್ಪಿ ‘ಹೌದ್ರೀ’ ಅಂದರೆ ಅಲ್ಲಿಗೇ ಮುಗಿಯಿತು. 1954ರಲ್ಲಿ ‘ವಾಟ್ಸ್ ಮೈ ಲೈನ್’ಗೆ ಬಂದ ನಟಿ ಎಲಿಜಬೆತ್ ಟೇಲರ್ ಕೀಚಲು ದನಿಯಲ್ಲಿ ಉತ್ತರ ಕೊಟ್ಟಿದ್ದರು. ನೀವೂ ಹಾಗೇ ಮಾಡಿ, ಇಲ್ಲವೇ ಗಂಟಲು ಕಟ್ಟಿದವರಂತೆ ಗೊಗ್ಗರು ದನಿ ತೆಗೆಯಿರಿ.

ಹಂತ 4: ಪ್ರಶ್ನೆ. ಮೊದಲೇ ಹೆಸರಿಗೆ ಕೈ ಹಾಕಬೇಡಿ. ಗಂಡೋ ಹೆಣ್ಣೋ, ಈಗಲೂ ಇದ್ದಾರೋ, ಕಪ್ಪುಬಿಳುಪಿನ ಕಾಲದವರೋ ಎಂದು ಜಾಲ ಬೀಸಿ ಮೆಲ್ಲಗೆ ಎಳೆಯಿರಿ. ಹೈದರಾಬಾದಿನವರಾದ ನಮ್ಮ ಬಾಯಿಗೆ ಮೊದಲು ಬರುವುದು ‘ತೆಲುಗಿನಲ್ಲಿ ನಟಿಸಿದ್ದೀರಾ?’ ನಟಿಯರ ವಿಷಯದಲ್ಲಿ ಇದು ದಂಡದ ಪ್ರಶ್ನೆ. ಅಲ್ಲಿ ಹೋಗಿ ನಟಿಸದವರೇ ಕಡಿಮೆ. ನಟರ ವಿಷಯದಲ್ಲಂತೂ ಹುಷಾರು. ರಾಜ್‌ಕುಮಾರ್ ಎಂದರೆ ಕನ್ನಡವೊಂದೇ ಎಂದುಕೊಂಡವರು ‘ಹೌದು’ ಕೇಳಿದೊಡನೆ ಅವರನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ‘ಬೇಡರ ಕಣ್ಣಪ್ಪ’ 1954ರಲ್ಲೇ ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಲುಗಿಗೆ ಹೋದಾಗ ಕಣ್ಣಪ್ಪನಾದವರು ಅವರೇ!

ಹಂತ 5: ಲೆಕ್ಕ. ‘ವಾಟ್ಸ್ ಮೈ ಲೈನ್’ನಲ್ಲಿ ಒಂದೊಂದು ‘ಇಲ್ಲ’ಕ್ಕೆ 5 ಡಾಲರ್, ಹತ್ತಾದರೆ ಅತಿಥಿ ಗೆದ್ದ ಹಾಗೆ. ನಮಗೆ 5 ರೂಪಾಯಿ ಸಾಕು.

ಹಂತ 6: ನಿರೂಪಕ ಗಟ್ಟಿಯಾಗಿರಬೇಕು. 1957ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿ ಅದೇ ಕಾರ್ಯಕ್ರಮಕ್ಕೆ ಬಂದು ಕೇಳಿದ್ದಕ್ಕೆಲ್ಲ ‘ಹೌದು’ ಎನ್ನುತ್ತಾ ಹೋದಾಗ ನಿರೂಪಕ ಜಾನ್ ಡೇಲಿ ನಡುವೆ ಬಾಯಿ ಹಾಕಬೇಕಾಯಿತು. ನಮ್ಮಲ್ಲೂ ಅಂಥ ಮಾವಂದಿರು ಇರುತ್ತಾರೆ.

ಮಕ್ಕಳಿಗೆ ಮಾತ್ರ ಮೊದಲೇ ತಾಕೀತು ಮಾಡಿ. ಬೋರ್ಡಿನ ಮೇಲೆ ‘ಪುನೀತ್’ ಎಂದು ಬರೆಯುವಷ್ಟರಲ್ಲಿ ‘ಅಪ್ಪು!’ ಎಂದು ಕೂಗಿಬಿಡುತ್ತಾರೆ.