ಸ್ಕ್ರೀನಿಂಗ್ ಪ್ರಯೋಗ: ಮಾಡಬೇಕಾದ್ದು, ಮಾಡಬಾರದ್ದು

ಸಿ.ವಿ. ರಾಮನ್ ನಗರದ ಲ್ಯಾಬು, ಟೆಸ್ಟ್ ಶೆಡ್ಡುಗಳಲ್ಲಿ ಕೆಲಸ ಮಾಡುವವರ ಗಮನಕ್ಕೆ. ಕಾವೇರಿ ಎಂಜಿನ್ನಿನ ಜಿಟಿಆರ್‌ಇ, ರಾಡಾರಿನ ಎಲ್‌ಆರ್‌ಡಿಇ ಇರುವ ಬಡಾವಣೆಯಿದು. ರನ್ ಒಂದಕ್ಕೆ ಎಷ್ಟು ಖರ್ಚೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಇರುವ ಅಂಶಗಳಲ್ಲಿ ಮುಖ್ಯವಾದವು ಯಾವುವೆಂದು ಮೊದಲು ಸೋಸಿ. ಹದ ಹಿಡಿಯುವ ಕೆಲಸ ಆಮೇಲೆ.

ಮಾಡಬೇಕಾದ್ದು

ಅಂಶಗಳ ಪಟ್ಟಿಯನ್ನು ಯಂತ್ರದ ಮುಂದೆ ನಿಂತು ಬರೆಯಿರಿ. ವೇವ್ ಸೋಲ್ಡರಿಂಗ್ ಅಂದರೆ ಫ್ಲಕ್ಸ್, ಪ್ರೀಹೀಟ್, ಸೋಲ್ಡರ್ ಪಾಟಿನ ಬಿಸಿ, ಕನ್ವೇಯರ್ ವೇಗ ಎಲ್ಲರಿಗೂ ಹೊಳೆಯುತ್ತವೆ; ಎಕ್ಸಾಸ್ಟ್ ಫ್ಯಾನಿನ ಎಳೆತ ಹೊಳೆಯುವುದು ಆಪರೇಟರಿಗೆ ಮಾತ್ರ. ಅವರನ್ನು ಕೇಳಿ.

ಏಳು ಅಂಶ, ಎರಡೆರಡು ಮಟ್ಟ: ಪೂರ್ತಿ ಮಾಡಲು 128 ರನ್ ಬೇಕು, ಸೋಸುವುದಕ್ಕೆ 8 ಸಾಕು. 11 ಅಂಶಗಳಿದ್ದರೆ ಪ್ಲ್ಯಾಕೆಟ್ ಮತ್ತು ಬರ್ಮನ್ 1946ರಲ್ಲಿ ಕೊಟ್ಟ 12 ರನ್ನಿನ ವಿನ್ಯಾಸ ಹಿಡಿಯಿರಿ. (ಟಾಗುಚಿ ಹೆಸರನ್ನೇ ಜಪಿಸುವವರಿಗೆ: ಆತ ಬಳಸಿದ ಇಂಥ ವಿನ್ಯಾಸಗಳ, ಅಂದರೆ ಆರ್ಥೋಗೊನಲ್ ಅರೇಗಳ, ಗಣಿತವನ್ನು 1940ರ ದಶಕದಲ್ಲಿ ಕಟ್ಟಿಕೊಟ್ಟ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.)

ರನ್ನುಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಕಡಿಮೆ ಮಟ್ಟದವೆಲ್ಲ ಬೆಳಗಿನ ತಂಪಿನಲ್ಲೂ ಹೆಚ್ಚಿನವೆಲ್ಲ ಮಧ್ಯಾಹ್ನವೂ ಮುಗಿದರೆ, ಬಿಸಿಲು ಮಾಡಿದ್ದೆಲ್ಲ ನಿಮ್ಮ ಅಂಶದ ಖಾತೆಗೆ ಜಮೆಯಾಗುತ್ತದೆ.

ಮಾಡಬಾರದ್ದು

ಮಿಕ್ಕದ್ದನ್ನೆಲ್ಲ ಕಟ್ಟಿಹಾಕಿ ಒಂದೊಂದೇ ಗುಂಡಿ ತಿರುಗಿಸಿ ನೋಡುವ ಚಾಳಿ ಬೇಡ.

ಮೊದಲ ಸುತ್ತಿಗೆ ಬಜೆಟ್ಟಿನ ಕಾಲುಭಾಗಕ್ಕಿಂತ ಹೆಚ್ಚು ಸುರಿಯಬೇಡಿ.

8 ರನ್ನಿನಲ್ಲಿ ಎದ್ದು ಕಂಡ ಅಂಶವನ್ನು ಕೂಡಲೇ ನಂಬಕೂಡದು. ಅಲ್ಲಿ ಒಂದು ಅಂಶದ ಪರಿಣಾಮ ಬೇರೆ ಎರಡರ ಜಂಟಿ ಪರಿಣಾಮದೊಂದಿಗೆ ಬೆರೆತಿರುತ್ತದೆ. ವಿನ್ಯಾಸದ ಪ್ಲಸ್ಸುಗಳನ್ನೆಲ್ಲ (ಹೆಚ್ಚಿನ ಮಟ್ಟ) ಮೈನಸ್ (ಕಡಿಮೆ ಮಟ್ಟ), ಮೈನಸ್ಸುಗಳನ್ನೆಲ್ಲ ಪ್ಲಸ್ ಮಾಡಿ ಇನ್ನೂ 8 ರನ್ ಓಡಿಸಿ. ಮುಖ್ಯ ಪರಿಣಾಮಗಳು ಆ ಜೋಡಿಗಳಿಂದ ಬಿಡಿಸಿಕೊಳ್ಳುತ್ತವೆ. ವರದಿ ತಡವಾದರೆ ಆಗಲಿ.

ಸಿಮ್ಯುಲೇಷನ್ನಿನವರಿಗೆ ಪ್ರತ್ಯೇಕ ಮಾತು. ಅದೇ ಇನ್‌ಪುಟ್‌ಗೆ ಅದೇ ಉತ್ತರ ಕೊಡುವ ಮಾದರಿಯನ್ನು ಮತ್ತೆ ಮತ್ತೆ ಓಡಿಸಿ ‘ಸರಾಸರಿ ತೆಗೆದೆ’ ಎನ್ನಬೇಡಿ. ಕಂಪ್ಯೂಟರ್ ಬಿಸಿಯಾಗುವುದಷ್ಟೇ ಲಾಭ. ಮಾರಿಸ್ 1991ರಲ್ಲಿ ಹೇಳಿದ ದಾರಿ ಹಿಡಿಯಿರಿ: 20 ಇನ್‌ಪುಟ್, ಹತ್ತು ಕಡೆಯಿಂದ ಹೊರಟರೆ 210 ರನ್. ಅಲ್ಲೂ ಅಂಶಗಳನ್ನು ಒಂದೊಂದಾಗಿಯೇ ಬದಲಿಸುತ್ತೇವೆ, ಆದರೆ ಪ್ರತಿ ಸಲ ಹೊಸ ಜಾಗದಿಂದ. ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತೆಂದು ಅಂಶವನ್ನು ಎಸೆಯಬೇಡಿ. ಪ್ಲಸ್ಸೂ ಮೈನಸ್ಸೂ ಒಂದನ್ನೊಂದು ಹೊಡೆದುಹಾಕಿರಬಹುದು. ಚಿಹ್ನೆ ತೆಗೆದ ಸರಾಸರಿಯನ್ನೂ ಹರವನ್ನೂ ನೋಡಿ.

‘ಪರಿಣಾಮವಿಲ್ಲ’ ಎಂದು ಬರೆಯಕೂಡದು. ಪ್ರೀಹೀಟನ್ನು ಬರೀ ಎರಡು ಡಿಗ್ರಿ ಸರಿಸಿದರೆ ಏನು ಕಂಡೀತು? ಯಾವ ಮಟ್ಟದಿಂದ ಯಾವ ಮಟ್ಟದವರೆಗೆ ನೋಡಿದಿರೋ ಅದನ್ನು ಕೈಬಿಟ್ಟ ಅಂಶದ ಹೆಸರಿನ ಮುಂದೆಯೇ ರಿಜಿಸ್ಟರಿನಲ್ಲಿ ಬರೆದಿಡಿ.