ಏರಿಸಿದ ಧ್ವನಿ ಮುದ್ರಣದಲ್ಲಿ ಏಕೆ ಬರಲಿಲ್ಲ?

ಬೋಧನಾಭ್ಯಾಸಕ್ಕೆ ನನಗೆ ನಿಪ್ಪಾಣಿ ತಾಲ್ಲೂಕಿನ ಒಂದು ಶಾಲೆಯ ಐದನೇ ತರಗತಿ ದೊರೆತಿತ್ತು. ಅಲ್ಲಿ ಅನೇಕ ಮಕ್ಕಳ ಮನೆಮಾತು ಮರಾಠಿ. ಮರಾಠಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವ–ದೀರ್ಘ ಭೇದವಿಲ್ಲ. ಹೀಗಾಗಿ 'ಒಲೆ–ಓಲೆ', 'ಕೆರೆ–ಕೇರೆ' ಪದಗಳನ್ನು ಆಲಿಸಿ ಗುರುತಿಸುವುದನ್ನೇ ಪಾಠದ ಉದ್ದೇಶವಾಗಿ ಇಟ್ಟುಕೊಂಡೆ.

ಕಲಿಕೋಪಕರಣಕ್ಕಾಗಿ ಅಂತರ್ಜಾಲ ರೇಡಿಯೊದ ಮಕ್ಕಳ ಕಥೆಯೊಂದನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಮುದ್ರಿಸಿಕೊಂಡೆ. ಧ್ವನಿ ಸಣ್ಣದಿದ್ದುದರಿಂದ ವಾಲ್ಯೂಮ್ ಪಟ್ಟಿಯನ್ನು 125 ಪ್ರತಿಶತಕ್ಕೆ ಏರಿಸಿದ್ದೆ. ಮನೆಯಲ್ಲಿ ಚೆನ್ನಾಗಿ ಕೇಳಿತು. ಶಾಲೆಯ ಲ್ಯಾಪ್‌ಟಾಪಿನಲ್ಲಿ ಅದೇ ಕಡತ ಹಾಕಿದಾಗ ಹಿಂದಿನ ಸಾಲಿನಿಂದ "ಕೇಳಸವಲ್ದ್ರಿ ಸರ್" ಎಂದರು. ನಾನು ಪಾಠ ಮುಂದುವರಿಸಿದೆ. 'ಓಲೆ' ಎಂದಾಗ ಏಳು ಮಕ್ಕಳು ಒಲೆಯ ಚಿತ್ರ ಎತ್ತಿದರು. ಮೌಲ್ಯಮಾಪನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಗುರುತಿಸಲಿಲ್ಲ' ಎಂದು ಬರೆದೆ.

ಮಾರ್ಗದರ್ಶಕ ಶಿಕ್ಷಕರು ಪಟ್ಟಿ ನೋಡಿ, "ಮೊದಲ ಅವರಿಗೆ ಕೇಳಸಿತ್ತೇನ್ರಿ ಸರ್?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಾರಣವನ್ನು ಕಾಲುವೆಯ ಉದಾಹರಣೆಯಿಂದ ತಿಳಿಯಬಹುದು. ನಮ್ಮ ಹೊಲದ ತೂಬನ್ನು ಎಷ್ಟೇ ತೆರೆದರೂ ಮೇಲಿನ ಕಾಲುವೆಯ ನೀರು ಹೆಚ್ಚುವುದಿಲ್ಲ. ವಿಎಲ್‌ಸಿಯ ಕೆಂಪು ಮುದ್ರಣ ಗುಂಡಿ ಮೇಲಿನ ಕಾಲುವೆಯಿಂದಲೇ, ಅಂದರೆ ಬರುವ ಪ್ರಸಾರವನ್ನು ಇದ್ದಂತೆಯೇ, ಕಡತಕ್ಕೆ ಇಳಿಸುತ್ತದೆ. ವಾಲ್ಯೂಮ್ ಪಟ್ಟಿ ಕೆಳಗಿನ ತೂಬು. ಸ್ಪೀಕರಿಗೆ ಹೋಗುವ ಧ್ವನಿಯನ್ನಷ್ಟೇ ಅದು ಬದಲಿಸುತ್ತದೆ. ಪೂರ್ತಿ ಮ್ಯೂಟ್ ಮಾಡಿದರೂ ಮುದ್ರಣ ಕೆಡುವುದಿಲ್ಲ. ಸ್ಪೀಕರಿನ ಎದುರು ಮೊಬೈಲ್ ಹಿಡಿದು ಮುದ್ರಿಸಿದರೆ ಮಾತ್ರ ಪಟ್ಟಿಯ ಏರಿಳಿತ ಮುದ್ರಣದಲ್ಲಿಯೂ ಬರುತ್ತದೆ. ಜೊತೆಗೆ ಕೋಣೆಯ ಸದ್ದೂ ಸೇರುತ್ತದೆ.

ನಾನು ಕೈಗೊಂಡ ಪರಿಹಾರ ಹೀಗಿದೆ:

1. ಮುದ್ರಿತ ಕಡತವನ್ನು ವಿಎಲ್‌ಸಿಯ 'ಕನ್ವರ್ಟ್' ಸೌಲಭ್ಯದಿಂದ ಎಂಪಿ3 ರೂಪಕ್ಕೆ ತಂದೆ.
2. ಅದನ್ನು ಆಡಾಸಿಟಿ ತಂತ್ರಾಂಶದಲ್ಲಿ ತೆರೆದು 'ಆಂಪ್ಲಿಫೈ' ಮೂಲಕ ಧ್ವನಿ ಹೆಚ್ಚಿಸಿದೆ. ಧ್ವನಿ ಒಡೆಯದಂತೆ 'ಕ್ಲಿಪ್ಪಿಂಗ್' ಅನುಮತಿ ಕೊಡಲಿಲ್ಲ. ಹಿನ್ನೆಲೆಯ ಗೊರಗೊರ ಸದ್ದೂ ಏರುವುದರಿಂದ ಮಿತಿಯಲ್ಲಿ ಹೆಚ್ಚಿಸಬೇಕು.
3. ಪಾಠಕ್ಕೆ ಮೊದಲು ಖಾಲಿ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದೆ.

ಮರುಪಾಠದಲ್ಲಿ ಆ ಏಳು ಮಕ್ಕಳಲ್ಲಿ ಐವರು ಓಲೆಯ ಚಿತ್ರವನ್ನೇ ಎತ್ತಿದರು. ಉಳಿದ ಇಬ್ಬರಿಗೆ ಇನ್ನೂ ಅಭ್ಯಾಸ ಬೇಕು. ಆದರೆ ಐದು ಮಕ್ಕಳ ಮುಂದೆ ಮೊದಲು ನಾನು ಬರೆದದ್ದು ನನ್ನ ಉಪಕರಣದ ದೋಷವೇ ಹೊರತು ಅವರದಲ್ಲ. ಆ ಬರಹವನ್ನು ಹೊಡೆದುಹಾಕಿ, ಪಾಠಯೋಜನೆಯ ಪೂರ್ವಸಿದ್ಧತೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: ಕೊನೆಯ ಬೆಂಚಿನಲ್ಲಿ ಕೇಳಿಸಿದ ಮೇಲೆಯೇ ಆಲಿಸುವಿಕೆಯ ಪರೀಕ್ಷೆ.